ದಿನನಿತ್ಯದ ವ್ಯವಹಾರದಲ್ಲಿ ದೊಡ್ಡ ಪದಗಳನ್ನು ಬಳಸುವುದು ಅನುಕೂಲವೇ, ಅಡ್ಡಿಯೇ?

ಬಹುಮಟ್ಟಿಗೆ ಅಡ್ಡಿಯೇ. ಆದರೆ ತೊಡಕಿರುವುದು ಪದದ ಉದ್ದದಲ್ಲಾಗಲಿ ಮೂಲದಲ್ಲಾಗಲಿ ಅಲ್ಲ, ಕೇಳುವವರಿಗೆ ಅದರ ಬಳಕೆ ಇಲ್ಲದಿರುವುದರಲ್ಲಿ. ‘ಪೌತಿ ಖಾತೆ’ ಕನ್ನಡ ಬೇರಿನ ಮಾತಲ್ಲದಿದ್ದರೂ, ತೀರಿಕೊಂಡವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದೆಂಬ ಅದರ ಅರ್ಥ ಶಾಲೆಯ ಮೆಟ್ಟಿಲು ಹತ್ತದ ರೈತರಿಗೂ ಗೊತ್ತು. ಅದೇ, “ಸದರಿ ಅರ್ಜಿಯನ್ನು ವಿಲೇವಾರಿ ಮಾಡಲಾಗಿದೆ” ಎಂಬ ಹಿಂಬರಹ ಓದು ಬಲ್ಲವರನ್ನೂ ತಬ್ಬಿಬ್ಬುಗೊಳಿಸುತ್ತದೆ. ಅರ್ಜಿ ಮಂಜೂರಾಯಿತೋ ತಿರಸ್ಕೃತವಾಯಿತೋ ಎಂಬ, ಅರ್ಜಿದಾರರಿಗೆ ಬೇಕಾದ ಒಂದೇ ಸಂಗತಿಯನ್ನು ಆ ವಾಕ್ಯ ಹೇಳುವುದಿಲ್ಲ. ಹೇಳದೆ ಜಾರಿಕೊಳ್ಳುವುದೇ ಅದರ ಉದ್ದೇಶವೇನೋ ಎಂಬ ಗುಮಾನಿಯೂ ನನಗಿದೆ.

ಆದರೂ ಕೆಲವು ಭಾರದ ಪದಗಳನ್ನು ಬಿಡಲಾಗದು. ‘ಅಪ್ಪನ ಆಸ್ತಿ’ ಎಂದು ನಾವು ಸಲೀಸಾಗಿ ಹೇಳುವ ಮಾತಿನೊಳಗೆ ಪಿತ್ರಾರ್ಜಿತ (ಹಿರಿಯರಿಂದ ಬಂದದ್ದು), ಸ್ವಯಾರ್ಜಿತ (ತಂದೆ ತಾವೇ ಸಂಪಾದಿಸಿದ್ದು) ಎಂಬ ಎರಡು ಬೇರೆ ಬೇರೆ ವಿಷಯಗಳು ಅಡಗಿವೆ. ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಾದ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ಕೊಟ್ಟಿರುವುದು ಮೊದಲನೆಯದರಲ್ಲಿ. ಎರಡನೆಯದನ್ನು ತಂದೆ ಉಯಿಲು ಬರೆದು ತಮಗೆ ಬೇಕಾದವರಿಗೆ ಕೊಡಬಹುದು. ಇಲ್ಲಿ ಸರಳ ಪದವೇ ದಾರಿ ತಪ್ಪಿಸುತ್ತದೆ. ಇಂತಹ ಕಡೆ ಪಾರಿಭಾಷಿಕ ಪದವನ್ನು ಒಮ್ಮೆ ಬಳಸಿ, “ಅಂದರೆ ತಾತ, ಮುತ್ತಾತಂದಿರಿಂದ ಬಂದದ್ದು” ಎಂದು ಪಕ್ಕದಲ್ಲೇ ಬಿಡಿಸಿ ಹೇಳಿದರೆ ಸಾಕಾಗುತ್ತದೆ.