ಹಸ್ತಪ್ರತಿಯ ಅಂಚಿನಲ್ಲಿ ಅಪ್ಪನ ಪೆನ್ಸಿಲ್ ಗೆರೆ

ಹೊನ್ನಾವರದ ಕಡೆಯಿಂದ ಇಪ್ಪತ್ತನಾಲ್ಕರ ಯುವತಿಯೊಬ್ಬರು ಬರೆದ ಪತ್ರವನ್ನು ಒಂದೇ ಸಂಜೆಯಲ್ಲಿ ಮೂರು ಸಲ ಓದಿದೆ. ಅವರದು ತಲೆಮಾರುಗಳಿಂದ ಕಡಲನ್ನೇ ನಂಬಿದ ಮನೆ; ಅಜ್ಜ ಮುಂಬಯಿಗೆ ಹಂಚು ಸಾಗಿಸುತ್ತಿದ್ದ ಮಚವೆ ಎಂಬ ಹಾಯಿಹಡಗನ್ನು ನಡೆಸುವ ತಂಡೇಲ, ಅಪ್ಪ ಮೀನುಗಾರಿಕೆ ಬೋಟಿನ ತಂಡೇಲ. ಅವರು ಬರೆಯುತ್ತಿರುವ ಕಾದಂಬರಿಯ ನಾಯಕ, ಐನೂರು ವರ್ಷಗಳ ಹಿಂದೆ ಅದೇ ಊರಿನ ನಾವಿಕರ ಮನೆಯಲ್ಲಿ ಹುಟ್ಟಿ, ಅಲ್ಲಿನ ಕಡಲಪಡೆಯ ಮುಖಂಡ ತಿಮ್ಮಯ್ಯನ ಪಡೆ ಸೇರಿ ಕಡಲ್ಗಳ್ಳನಾಗುವ ಹದಿನಾರರ ಹುಡುಗ. ‘ನಿಮ್ಮ ಮಗಳು ನಮ್ಮ ಹಿರಿಯರನ್ನು ಕಳ್ಳರು ಮಾಡುತ್ತಿದ್ದಾಳೆ’ ಎಂದು ಅಕ್ಕನ ಗಂಡ ಅಪ್ಪನ ಕಿವಿಗೆ ಹಾಕಿದ ದಿನದಿಂದ ಅಪ್ಪ ಮಗಳೊಡನೆ ಮಾತು ಬಿಟ್ಟಿದ್ದಾರೆ. ಬರೆಯುವುದನ್ನು ನಿಲ್ಲಿಸಲೇ, ಬೆಂಗಳೂರಿಗೆ ಹೋಗಿ ಮುಗಿಸಲೇ ಎಂಬುದು ಅವರ ಪ್ರಶ್ನೆ.

ಎರಡೂ ಬೇಡ. ಪತ್ರದ ಮೂರನೆಯ ಪುಟದಲ್ಲಿ, ಸಿಟ್ಟಿನ ಎರಡು ವಾಕ್ಯಗಳ ನಡುವೆ, ನೀವು ಒಂದು ಸಂಗತಿಯನ್ನು ಉಸುರಿ ಮುಂದೆ ಹೋಗಿದ್ದೀರಿ. ನಾಯಕ ಆಷಾಢದ ರಾತ್ರಿ ಹಾಯಿ ಬಿಚ್ಚಿ ಶರಾವತಿ ಕಡಲು ಸೇರುವ ಅಳಿವೆಯನ್ನು ದಾಟುವ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ‘ಆಗದು. ನೂಲ ಹುಣ್ಣಿಮೆ ಕಳೆಯಲಿ’ ಎಂದು ಬರೆದಿದ್ದಾರೆ. ಅದು ಅಪ್ಪನ ಅಕ್ಷರ. ಇದನ್ನು ನೀವು ಹಸ್ತಪ್ರತಿ ಮುಟ್ಟಿದ ಅಪರಾಧವೆಂದು ದೂರಿದ್ದೀರಿ. ನನಗೆ ಅದು ಹಾಗೆ ಕಾಣಲಿಲ್ಲ. ಮುಂಗಾರಿನ ಅಬ್ಬರದಲ್ಲಿ ಆ ಅಳಿವೆಯ ಮರಳದಿಬ್ಬದ ಮೇಲೆ ತೆರೆ ಒಡೆಯುವುದನ್ನು ಬಲ್ಲ ಮನುಷ್ಯ, ತನಗೆ ಒಪ್ಪಿಗೆಯಿಲ್ಲದ ಕಥೆಯ ಹುಡುಗ ಮುಳುಗಬಾರದೆಂದು ಪೆನ್ಸಿಲ್ ಹುಡುಕಿದ್ದಾರೆ! ಮನೆಯವರು ಆಡುವ ಮಾತಿಗಿಂತ ಅವರ ಕೈ ಮಾಡಿದ ಕೆಲಸವನ್ನು ನೋಡಿ ಎಂದು ಈ ಅಂಕಣದಲ್ಲಿ ಬರೆದು ಬರೆದು ಓದುಗರಿಗೂ ಬೇಸರ ತರಿಸಿದ್ದೇನೆ. ಇಂದು ಇನ್ನೊಮ್ಮೆ ಬರೆಯುತ್ತೇನೆ.

ಅಪ್ಪನ ನೋವು ‘ಕಳ್ಳ’ ಎಂಬ ಮಾತಿನದು, ಮತ್ತು ಅದು ಸಣ್ಣದಲ್ಲ. ಆದರೆ ಆ ಮಾತನ್ನು ಯಾರು ಯಾರಿಗೆ ಅಂಟಿಸಿದರು ಎಂಬುದೇ ನಿಮ್ಮ ಕಾದಂಬರಿಯ ತಿರುಳಾಗಬೇಕಿತ್ತು. ತಮ್ಮಿಂದ ಕಾರ್ತಾಜ್ ಎಂಬ ರಹದಾರಿ ಕೊಳ್ಳದ ಹಡಗನ್ನು ಪೋರ್ಚುಗೀಸರು ಹಿಡಿದು ದೋಚುತ್ತಿದ್ದರು. 1505ರಲ್ಲಿ ಅವರ ವೈಸ್‌ರಾಯ್ ಅಲ್ಮೇಡಾ ಹೊನ್ನಾವರದ ಬಂದರಿನಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿಯಿಟ್ಟ. ಪೋರ್ಚುಗೀಸರ ಬರಹಗಳಲ್ಲಿ ತಿಮೋಜ ಎಂಬ ಹೆಸರಿನ ಕಡಲ್ಗಳ್ಳನಾಗಿ ಕಾಣಿಸಿಕೊಳ್ಳುವ ತಿಮ್ಮಯ್ಯನೇ 1510ರಲ್ಲಿ ಗೋವೆಯನ್ನು ಗೆಲ್ಲಲು ಪೋರ್ಚುಗೀಸ್ ಗವರ್ನರ್ ಆಲ್ಬುಕರ್ಕ್‌ಗೆ ಜೊತೆಯಾದ. ಪರದೇಶಿಗಳು ಕಡಲ್ಗಳ್ಳರೆಂದು ಕರೆದ ಕಲ್ಲಿಕೋಟೆಯ ನೌಕಾ ದಳಪತಿಗಳಾದ ಕುಂಞಾಲಿ ಮರಕ್ಕಾರರ ಮತ್ತು ಮರಾಠರ ನೌಕಾ ದಳಪತಿ ಕಾನ್ಹೋಜಿ ಆಂಗ್ರೆಯ ಹೆಸರುಗಳನ್ನು ಇಂದು ಮುಂಬಯಿಯ ನೌಕಾನೆಲೆಗಳು ಹೊತ್ತಿವೆ. ಹಾಗೆಂದು ನಿಮ್ಮ ನಾಯಕನನ್ನು ದೇಶಭಕ್ತನನ್ನಾಗಿ ತೊಳೆದು ಒಣಗಿಸಬೇಡಿ. ತಿಮ್ಮಯ್ಯನ ಜನ ಹಡಗು ದೋಚಿದ್ದು ನಿಜ. ಹುಡುಗನೂ ದೋಚಲಿ, ಮರುದಿನ ತಾಯಿಯ ಮುಖ ನೋಡಲು ಹಿಂಜರಿಯಲಿ.

ನಿಮ್ಮ ಭಾವನವರ ವಿಷಯದಲ್ಲಿ ನನಗೆ ತಾಳ್ಮೆಯಿಲ್ಲ. ಒಂದು ಪುಟವನ್ನೂ ಓದದೆ ಮನೆತನದ ಮಾನದ ಕಾವಲಿಗೆ ನಿಂತವರು ಅವರು, ಓದಿದವರು ಅಪ್ಪ. ಮದುವೆಯ ಸಂಬಂಧ ಕೆಡುತ್ತದೆ ಎಂಬ ಅವರ ಬೆದರಿಕೆಗೆ ಈ ಅಂಕಣದಲ್ಲಿ ಜಾಗ ಕೊಡಲಾರೆ. ನಿಮ್ಮ ಮೇಲೂ ಸ್ವಲ್ಪ ಕೋಪವಿದೆ: ತಂಡೇಲರ ಮನೆಯಲ್ಲಿ ಹುಟ್ಟಿ, ಗಾಳಿಯ ದಿಕ್ಕನ್ನು ಮೊಬೈಲಿನಲ್ಲಿ ಹುಡುಕಿದ್ದೀರಿ.

ಮಾಡಬೇಕಾದದ್ದು ಒಂದೇ. ಮಳೆಗಾಲದಲ್ಲಿ ಬೋಟುಗಳು ಮೀನಿಗೆ ಹೋಗದಂತೆ ತಡೆಯುವ ಟ್ರಾಲಿಂಗ್ ನಿಷೇಧದ 61 ದಿನಗಳಲ್ಲಿ ಅಪ್ಪ ಜಗುಲಿಯಲ್ಲಿ ಕುಳಿತು ಬಲೆಯ ಹರಿದ ಕಣ್ಣುಗಳನ್ನು ಕೂಡಿಸುತ್ತಿದ್ದಾರೆಂದು ನೀವೇ ಬರೆದಿದ್ದೀರಿ. ಅವರ ಎದುರು ಕುಳಿತು, ಕ್ಷಮೆ ಕೇಳದೆ, ವಾದಿಸದೆ, ಆ ಅಳಿವೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಿರಿ. ಅವರು ತಡೆದಲ್ಲಿ ನಿಲ್ಲಿಸಿ, ಹೇಳಿದ್ದನ್ನು ಬರೆದುಕೊಳ್ಳಿರಿ. ಜುಲೈ 31ರೊಳಗೆ ಇದಾಗಲಿ. ಆಗಸ್ಟ್ ಹುಟ್ಟಿದ ಮೇಲೆ ಅವರು ಮನೆಯಲ್ಲಿ ಸಿಗುವುದಿಲ್ಲ.