ಮೊದಲ ಪ್ರಸ್ತಾವನೆಗೆ ಮುನ್ನ: ಶಹಾಪುರದ ತಂಗಿಗೊಂದು ಉತ್ತರ

ಶರಣು ಶರಣಾರ್ಥಿ ತಂಗಿ. ನೀವು ಯಾದಗಿರಿ ಜಿಲ್ಲೆಯ ಶಹಾಪುರದಲ್ಲಿ ಬೆಳೆದು, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ಓದಿ, ಬರುವ ಆಗಸ್ಟ್‌ನಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿ ಸೇರಲಿದ್ದೀರಿ. ಪರಿಚಯದವರು ಒಬ್ಬರೂ ಇಲ್ಲದ ಊರಿನಲ್ಲಿ ಸಂಶೋಧನೆಗೆ ಹಣ ತರುವುದು ಹೇಗೆ, ವೀಸಾದ ಮೇಲೆ ಇರುವವರಿಗೆ ಗ್ರಾಂಟ್ ಸಿಗುತ್ತದೆಯೇ, ಯಾರನ್ನು ಕೇಳಬೇಕು ಎಂದು ಕೇಳಿದ್ದೀರಿ. ಮನೆ, ಚಳಿ, ಜೋಳದ ಹಿಟ್ಟಿನ ಬಗ್ಗೆಯೂ ಕೇಳಿದ್ದೀರಿ, ಆದರೆ ಅವಕ್ಕೆ ಉತ್ತರ ಹೇಳುವವರು ಬಹಳ ಜನ ಇದ್ದಾರೆ. ಆಳಂದ ತಾಲ್ಲೂಕಿನಿಂದ ಬಂದು 17 ವರ್ಷ ಇಲ್ಲಿ ಕಲಿಸುತ್ತಿರುವ ನಾನು ಗ್ರಾಂಟಿನ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಮೊದಲ ಮೂರು ವರ್ಷ ನನ್ನ ನಿದ್ದೆ ಕೆಡಿಸಿದ್ದು ಅದೇ.

ಯಾರನ್ನು ಕೇಳಬೇಕೆಂಬುದರಿಂದಲೇ ಆರಂಭಿಸುತ್ತೇನೆ. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ನೆರವು ಇರುತ್ತದೆ. ಸ್ಪಾನ್ಸರ್ಡ್ ಪ್ರೋಗ್ರಾಮ್ಸ್ ಕಚೇರಿಯವರು ಬಜೆಟ್ ಹಾಕಲು ನೆರವಾಗುತ್ತಾರೆ, ನಿಯಮಗಳ ಪಾಲನೆಯಾಗಿದೆಯೇ ಎಂದು ನೋಡುತ್ತಾರೆ, ಕೊನೆಗೆ ವಿಶ್ವವಿದ್ಯಾಲಯದ ಪರವಾಗಿ ಪ್ರಸ್ತಾವನೆಯನ್ನು, ಅಂದರೆ ಹಣ ಕೇಳುವ ಅರ್ಜಿಯನ್ನು, ಸಲ್ಲಿಸುತ್ತಾರೆ. ಸಲ್ಲಿಸುವುದು ಅವರೇ ಆದ್ದರಿಂದ ನಿಮ್ಮ ಗಡುವು ಹಣ ಕೊಡುವ ಸಂಸ್ಥೆಯ ಗಡುವಿಗಿಂತ ಕೆಲವು ದಿನ ಮೊದಲೇ ಬರುತ್ತದೆ ಎಂಬುದನ್ನು ಮರೆಯಬೇಡಿ. ಎರಡನೆಯದು ರಿಸರ್ಚ್ ಡೆವಲಪ್‌ಮೆಂಟ್ ಎಂದು ಕರೆಯುವ ವಿಭಾಗ. ನಿಮ್ಮ ವಿಷಯ ಯಾವ ಯೋಜನೆಗೆ ಹೊಂದುತ್ತದೆ ಎಂದು ಹುಡುಕುವುದಕ್ಕೆ, ಕರಡನ್ನು ಓದಿ ತಿದ್ದುವುದಕ್ಕೆ, ಹಿಂದೆ ಹಣ ಪಡೆದ ಪ್ರಸ್ತಾವನೆಗಳನ್ನು ಓದಲು ಒದಗಿಸುವುದಕ್ಕೆಂದೇ ಸಂಬಳ ಪಡೆಯುವ ಜನ ಅಲ್ಲಿರುತ್ತಾರೆ. ಈ ವಿಭಾಗ ಇರುವುದೇ ನನಗೆ ಎರಡು ವರ್ಷ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೋಗಲು ಸಂಕೋಚವಿತ್ತು. ಮಾಸ್ತರಾದವನು ಇನ್ನೊಬ್ಬರ ಮುಂದೆ ಕರಡು ಹಿಡಿದು ನಿಂತರೆ ತನ್ನ ಕಲಿಕೆ ಸಾಲದೆಂದು ಒಪ್ಪಿಕೊಂಡಂತೆ ಎಂಬ ಭಾವನೆ ನನ್ನಲ್ಲಿ ಬೇರೂರಿತ್ತು. ಅಷ್ಟರಲ್ಲಿ ಎರಡು ಪ್ರಸ್ತಾವನೆಗಳು ತಿರಸ್ಕೃತವಾಗಿದ್ದವು.

ಮೂರನೆಯದರ ಒಂದು ಪುಟದ ಸಾರಾಂಶ ಹಿಡಿದು ಕೊನೆಗೂ ಹೋದೆ. ನನ್ನ ವಿಷಯ ನಮ್ಮ ತೊಗರಿಯ ನೆಟೆ ರೋಗಕ್ಕೆ ಕಾರಣವಾಗುವ ಫ್ಯುಸೇರಿಯಂ ಶಿಲೀಂಧ್ರ. ಕಲಬುರಗಿ ತೊಗರಿಯ ಕಣಜವೆಂಬುದು, ಶಿಲೀಂಧ್ರವು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವುದು, ಬೇರಿನಿಂದ ಒಳಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಬಿಡುವುದು, ಎಲ್ಲವನ್ನೂ ಕ್ರಮವಾಗಿ ಬರೆದಿದ್ದೆ. ಅದನ್ನು ಓದಿದ ಆ ವಿಭಾಗದ ಹೆಣ್ಣುಮಗಳು ಸಸ್ಯರೋಗ ಕಲಿತವರಲ್ಲ. ಪೆನ್ಸಿಲಿನ ತುದಿಯನ್ನು ಸಾಲಿನಿಂದ ಸಾಲಿಗೆ ಇಳಿಸುತ್ತ ಬಂದು, ಮುಕ್ಕಾಲು ಪುಟ ದಾಟಿದ ಮೇಲೆ ಒಂದು ವಾಕ್ಯದ ಕೆಳಗೆ ಗೆರೆ ಎಳೆದು, "ನೀವು ಕೇಳುತ್ತಿರುವ ಪ್ರಶ್ನೆ ಇದೇ ಅಲ್ಲವೇ? ಇಷ್ಟು ಕೆಳಗೇಕೆ ಇಟ್ಟಿದ್ದೀರಿ?" ಎಂದರು. ಒಂದೇ ಹೊಲದಲ್ಲಿ ಒಂದು ತಳಿ ನಿಂತಲ್ಲೇ ಒಣಗುವಾಗ ಪಕ್ಕದ ಸಾಲಿನ ತಳಿ ಹಸಿರಾಗಿ ಉಳಿಯಲು ಬೇರಿನ ಯಾವ ಪ್ರತಿಕ್ರಿಯೆ ಕಾರಣ ಎಂಬುದು ಆ ವಾಕ್ಯ. ಅದನ್ನು ಎರಡನೆಯ ಸಾಲಿಗೆ ತಂದೆವು. ಮೇಲಿದ್ದ ಮುಕ್ಕಾಲು ಪುಟ ಮೂರು ವಾಕ್ಯಗಳಾಯಿತು. ಉಳಿದ ಜಾಗದಲ್ಲಿ ಯಾವ ಪ್ರಯೋಗ ಯಾವ ಉತ್ತರ ಕೊಡುತ್ತದೆ, ಉತ್ತರ ನನ್ನ ಊಹೆಗೆ ವಿರುದ್ಧವಾಗಿ ಬಂದರೆ ಮುಂದೇನು ಎಂಬುದನ್ನು ಬರೆದೆ. ಆ ಪ್ರಸ್ತಾವನೆಗೆ ಹಣ ಬಂತು.

ಆ ಒಂದು ಪುಟದ ಮೇಲೆ ಇಷ್ಟು ಹೇಳಲು ಕಾರಣವಿದೆ. ಅಮೆರಿಕ ಸರ್ಕಾರದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವಾದ ಎನ್‌ಎಸ್‌ಎಫ್‌ಗೆ ಬರೆಯುವ ಯೋಜನಾ ವಿವರಣೆ ಸಾಮಾನ್ಯವಾಗಿ 15 ಪುಟ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಾದ ಎನ್‌ಐಎಚ್‌ನ ಆರ್01 ಎಂಬ ಮುಖ್ಯ ಗ್ರಾಂಟಿನ ಸಂಶೋಧನಾ ಭಾಗ 12 ಪುಟ. ಆದರೆ ಎರಡರಲ್ಲೂ ಒಂದು ಪುಟದ ಸಾರಾಂಶ ಅಥವಾ ಗುರಿಗಳ ಪುಟ ಬೇರೆಯಾಗಿ ಇದ್ದೇ ಇರುತ್ತದೆ, ಹತ್ತಾರು ಪ್ರಸ್ತಾವನೆಗಳನ್ನು ಮುಂದಿಟ್ಟುಕೊಂಡು ಕುಳಿತ ವಿಮರ್ಶಕರ ಸಮಿತಿಯ ಸದಸ್ಯರ ಮನಸ್ಸಿನಲ್ಲಿ ಉಳಿಯುವುದೂ ಅದೇ. ಅದೇ ಪುಟವನ್ನು ಪ್ರೋಗ್ರಾಂ ಆಫೀಸರ್‌ಗೆ, ಅಂದರೆ ಹಣ ಕೊಡುವ ಸಂಸ್ಥೆಯಲ್ಲಿ ಆ ಯೋಜನೆಯನ್ನು ನೋಡಿಕೊಳ್ಳುವ ಅಧಿಕಾರಿಗೆ, ಇಮೇಲ್‌ನಲ್ಲಿ ಕಳುಹಿಸಿ, ಇದು ತಮ್ಮ ಯೋಜನೆಗೆ ಹೊಂದುತ್ತದೆಯೇ ಎಂದು ಕೇಳಬಹುದು. ನಮ್ಮ ಕಡೆ ಅಧಿಕಾರಿಯ ಬಳಿ ಹೋಗಲು ವಶೀಲಿ ಬೇಕೆಂಬ ಭಾವನೆ ಇದೆ. ಇಲ್ಲಿ ಬೇಕಿಲ್ಲ, ಕೇಳುವುದು ಸರಿಯಾದ ಕ್ರಮವೆಂದೇ ಅವರೂ ತಿಳಿಯುತ್ತಾರೆ.

ವೀಸಾದ ಭಯ ಬಿಡಿ. ಗ್ರಾಂಟ್ ಕೊಡುವುದು ವಿಶ್ವವಿದ್ಯಾಲಯಕ್ಕೆ, ವ್ಯಕ್ತಿಗಲ್ಲ. ಹೊಸ ಸಹಾಯಕ ಪ್ರಾಧ್ಯಾಪಕರಿಗೆಂದೇ ಇರುವ ಎನ್‌ಎಸ್‌ಎಫ್‌ನ 5 ವರ್ಷಗಳ ಕೆರಿಯರ್ ಗ್ರಾಂಟಿಗೆ ಪೌರತ್ವದ ಷರತ್ತು ಇಲ್ಲ. ಅದರ ಗಡುವು ವರ್ಷಕ್ಕೊಮ್ಮೆ, ಜುಲೈ ಕೊನೆಯ ಹೊತ್ತಿಗೆ ಬರುತ್ತದೆ, ಮತ್ತು ಒಬ್ಬರಿಗೆ ಮೂರು ಸಲ ಮಾತ್ರ ಅವಕಾಶ. ಆದ್ದರಿಂದ ಸೇರಿದ ಮೊದಲ ವರ್ಷವೇ ಅವಸರದಲ್ಲಿ ಒಂದು ಅವಕಾಶ ಕಳೆದುಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಇದು ಜೀವನದ ಪ್ರಶ್ನೆಯೂ ಹೌದು: ಇಲ್ಲಿ ಅನೇಕ ಅಧ್ಯಾಪಕರ ನೇಮಕಾತಿ 9 ತಿಂಗಳಿಗೆ ಇರುತ್ತದೆ, ಬೇಸಿಗೆಯ ಸಂಬಳವನ್ನು ಗ್ರಾಂಟಿನಿಂದಲೇ ಹೊಂದಿಸಿಕೊಳ್ಳಬೇಕಾಗುತ್ತದೆ. ಬಾಡಿಗೆಯ ಕರಾರಿಗೆ ಸಹಿ ಹಾಕುವ ಮುನ್ನ ನಿಮ್ಮ ನೇಮಕಾತಿ ಪತ್ರದಲ್ಲಿ ಇದನ್ನು ನೋಡಿಕೊಳ್ಳಿ.

ಊರಿನಲ್ಲೇ ಕುಳಿತು ಈಗಲೇ ಮಾಡಬಹುದಾದ ಕೆಲಸವೂ ಇದೆ. ಹಣ ಪಡೆದ ಯೋಜನೆಗಳ ಸಾರಾಂಶಗಳನ್ನು ಎನ್‌ಎಸ್‌ಎಫ್‌ನ ಅವಾರ್ಡ್ ಸರ್ಚ್ ಮತ್ತು ಎನ್‌ಐಎಚ್‌ನ ರಿಪೋರ್ಟರ್ ಎಂಬ ಅಂತರ್ಜಾಲದ ಮಾಹಿತಿ ಕೋಶಗಳಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದು. ಎನ್‌ಐಎಚ್‌ನ ಸೋಂಕುರೋಗ ಸಂಸ್ಥೆಯಾದ ಎನ್‌ಐಎಐಡಿ ಕೆಲವು ಇಡೀ ಪ್ರಸ್ತಾವನೆಗಳನ್ನೇ ಮಾದರಿಯಾಗಿ ಪ್ರಕಟಿಸಿದೆ. ನಿಮ್ಮ ವಿಷಯಕ್ಕೆ ಹತ್ತಿರವಾದ ಹತ್ತು ಸಾರಾಂಶಗಳನ್ನು ಓದಿ, ಪ್ರಶ್ನೆ ಎಷ್ಟನೆಯ ಸಾಲಿನಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ಸೇರಿದ ಮೇಲೆ, ಹಣ ಪಡೆದ ಸಹೋದ್ಯೋಗಿಯ ಪ್ರಸ್ತಾವನೆಯ ಜೊತೆಗೆ ಅದು ಮೊದಲು ತಿರಸ್ಕೃತವಾದಾಗ ಬಂದ ವಿಮರ್ಶೆಯನ್ನೂ ಕೇಳಿ ಪಡೆಯಿರಿ; ನಾನು ಹೆಚ್ಚು ಕಲಿತದ್ದು ಅಂಥ ವಿಮರ್ಶೆಗಳಿಂದ. ಒಂದೆರಡು ವರ್ಷದ ನಂತರ ವಿಮರ್ಶಕಿಯಾಗಿ ಸಮಿತಿಯಲ್ಲಿ ಕೂರಲು ಸಿದ್ಧ ಎಂದು ಪ್ರೋಗ್ರಾಂ ಆಫೀಸರ್‌ಗೆ ನೀವೇ ಬರೆಯಬಹುದು.

ಹೊರಡುವ ಮುನ್ನ ನಿಮ್ಮ ಪ್ರಶ್ನೆಯನ್ನು ಕನ್ನಡದಲ್ಲಿ ಅರ್ಧ ಪುಟ ಬರೆದು, ತೊಗರಿ ಬೆಳೆಯುವ ನಿಮ್ಮ ಅಪ್ಪನವರ ಮುಂದೆ ಓದಿ. ಅವರು ಎಲ್ಲಿ ತಡೆದು "ಅಂದ್ರ ಏನು?" ಎಂದು ಕೇಳುತ್ತಾರೋ ಅಲ್ಲಿ ಗುರುತು ಹಾಕಿ, ಆ ಹಾಳೆಯನ್ನು ನನಗೆ ಕಳುಹಿಸಿ. ಜುಲೈ ಮುಗಿಯುವುದರೊಳಗೆ ಓದಿ ಬರೆಯುತ್ತೇನೆ.