14 ಇಂಚಿನ ಮರದ ಹರಿವಾಣವನ್ನು ಲೇತ್‌ಗೆ ಭದ್ರವಾಗಿ ಕೂರಿಸುವುದು ಹೇಗೆ?

ಚಕ್ಕಿನ (ಮರವನ್ನು ದವಡೆಗಳಿಂದ ಹಿಡಿದು ತಿರುಗಿಸುವ ಲೇತ್‌ನ ಭಾಗ) ಒಂಟಿ ಸ್ಕ್ರೂ ನಂಬಿ ಇಷ್ಟು ಅಗಲದ ಹಲಗೆ ತಿರುಗಿಸಬೇಡಿ. ಮೊದಲು ಫೇಸ್‌ಪ್ಲೇಟ್ (ಹಲವು ಸ್ಕ್ರೂಗಳಿಂದ ಮರಕ್ಕೆ ಬಿಗಿಯುವ ಲೋಹದ ತಟ್ಟೆ) ಹಾಕಿ, ಅದೂ ಮುಂದೆ ಕೆತ್ತಿ ತೆಗೆಯಲಿರುವ ಮೇಲ್ಬದಿಗೇ. ಆಗ ಸ್ಕ್ರೂ ತೂತುಗಳು ಸಿಪ್ಪೆಯ ಜೊತೆಗೇ ಹೋಗುತ್ತವೆ. ಸ್ಕ್ರೂ ಮಾತ್ರ ಕೆತ್ತುವ ಆಳಕ್ಕಿಂತ ಕಡಿಮೆ ಇಳಿಯಬೇಕು. ಡ್ರೈವಾಲ್ ಸ್ಕ್ರೂ ಬೇಡ. ಪೆಡಸು, ಪಟ್ಟನೆ ಮುರಿಯುತ್ತದೆ.

ನಂತರ ತಳ ರೂಪಿಸಿ, ಚಕ್ಕಿನ ದವಡೆ ಕೂರಲು ಅಲ್ಲೊಂದು ದುಂಡನೆಯ ತಗ್ಗು ಮಾಡಿ. ಎಡವುವುದು ಇಲ್ಲೇ. ಆಳ 4–5 ಮಿ.ಮೀ. ಸಾಕು, ಆದರೆ ತಗ್ಗಿನ ಗೋಡೆ ದವಡೆಯ ಓರೆಗೆ ತಾಳೆಯಾಗಬೇಕು, ಮೂಲೆಯಲ್ಲಿ ಒಂದೆಳೆ ನಾರೂ ಉಳಿಯಬಾರದು. ತಗ್ಗಿನ ವ್ಯಾಸ ಮುಚ್ಚಿದ ದವಡೆಗಿಂತ ತುಸುವೇ ದೊಡ್ಡದಿದ್ದರೆ ಹಿಡಿತ ಸುತ್ತಲೂ ಸಮ. ದವಡೆ ಹಿಗ್ಗಿಸುವಾಗ ಜೋರು ಮಾಡಿದಿರೋ, ಮರ ನಾರಿನುದ್ದಕ್ಕೂ ಸೀಳುತ್ತದೆ. ನಾನೇ ಹೀಗೆ ಒಂದನ್ನು ಕಳೆದುಕೊಂಡೆ. ಮೊದಲು ಕೇಳಿಸಿದ್ದು ಸಣ್ಣ ‘ಟಿಕ್’ ಅಷ್ಟೇ.

ಹರಿವಾಣ ತಿರುವಿ ಹಾಕಿದ ಮೇಲೂ ಆದಷ್ಟು ಹೊತ್ತು ಟೇಲ್‌ಸ್ಟಾಕ್ (ಎದುರು ಬದಿಯಿಂದ ಮರಕ್ಕೆ ಆಸರೆ ಕೊಡುವ ಲೇತ್‌ನ ಭಾಗ) ಒತ್ತಿಟ್ಟಿರಿ. ಅಂಚನ್ನು ಮೊದಲೇ ಮುಗಿಸಿ. ನಡು ಟೊಳ್ಳಾದರೆ ಅಂಚು ನಡುಗುತ್ತದೆ. ವೇಗ 400–500 ಆರ್‌ಪಿಎಂನಿಂದ (ನಿಮಿಷಕ್ಕೆ ಅಷ್ಟು ಸುತ್ತು) ಶುರುವಾಗಲಿ. 1000ಕ್ಕೇರಿಸಿದರೆ ಅಂಚು ಗಂಟೆಗೆ ಸುಮಾರು 67 ಕಿ.ಮೀ. ಓಡುತ್ತಿರುತ್ತದೆ, ಅದರ ನೇರಕ್ಕೆ ನಿಲ್ಲಬೇಡಿ. ಮುಖಕವಚ ಹಾಕಿಕೊಳ್ಳಿ.